ಬಡ್ಡಿ ಏರಿದ ವರ್ಷ ನೌಪಾಡಾದ ಮನೆ ಮಾರಿದ್ದು

ಠಾಣೆಯ ನೌಪಾಡಾದ ನಮ್ಮ ಮನೆಯನ್ನು ಹದಿನೆಂಟು ಲಕ್ಷಕ್ಕೆ ಕೇಳಿಕೊಂಡು ಬಂದವರು ಗಂಡ ಹೆಂಡತಿ, ಇಬ್ಬರೂ ಶಾಲೆಯಲ್ಲಿ ಟೀಚರುಗಳು. ಮರಾಠಿಯವರು, ವಯಸ್ಸು ಮೂವತ್ತರ ಆಸುಪಾಸು. 2006ರ ಕೊನೆಯ ಒಂದು ಭಾನುವಾರ ಅದು. ಗಂಡ ಗೋಡೆಯ ತೇವ ನೋಡಿದ, ನೀರು ಎಷ್ಟು ಹೊತ್ತು ಬರುತ್ತದೆಂದು ಕೇಳಿದ, ಸೊಸೈಟಿಯ ಮೇಂಟೆನೆನ್ಸ್ ಎಷ್ಟೆಂದು ಕೇಳಿದ. ಹೆಂಡತಿ ಏನೂ ಕೇಳಲಿಲ್ಲ. ಕಿಟಕಿಯ ಕೆಳಗೆ ಬಗ್ಗಿ ಗೋಡೆಯುದ್ದಕ್ಕೂ ಗೇಣು ಹಾಕಿದಳು. ಎಂಟಕ್ಕೆ ನಿಲ್ಲಿಸಿ, ಮಂಚ ಹಿಡಿಯುತ್ತದೆ ಎಂದು ಗಂಡನಿಗೆ ಮೆಲ್ಲಗೆ ಹೇಳಿದಳು.

ಅಕ್ಕ ಅವರಿಗೆ ಕಾಫಿ ಕೊಟ್ಟಳು. ಹದಿನೈದು ಲಕ್ಷ ಬ್ಯಾಂಕ್ ಸಾಲ, ಮೂರು ಲಕ್ಷ ತಮ್ಮ ಕೈಯಿಂದ, ಎರಡು ತಿಂಗಳಲ್ಲಿ ರಿಜಿಸ್ಟ್ರೇಶನ್ ಮುಗಿಸುತ್ತೇವೆ ಎಂದು ಗಂಡ ಹೇಳಿದ. ಅಕ್ಕ ನನ್ನ ಮುಖ ನೋಡಿದಳು. ನಾನು, "ಯೋಚನೆ ಮಾಡಿ ಹೇಳ್ತೇವೆ" ಅಂದೆ.

ಆ ಒಂದು ಮಾತಿಗೆ ನಾನು ತೆತ್ತದ್ದಕ್ಕಿಂತ ಅಕ್ಕ ತೆತ್ತದ್ದೇ ಹೆಚ್ಚು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮನೆ ಅಪ್ಪನದು. ಉಡುಪಿಯ ಕಡೆಯಿಂದ ಬಂದು ಠಾಣೆಯ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಇಪ್ಪತ್ತೆಂಟು ವರ್ಷ ಕೂತವರು. ಒಂದು ರೂಮು, ಒಂದು ಅಡುಗೆ ಮನೆ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಕ್ಕನಿಗೆ ಆಗ ಇಪ್ಪತ್ತು. ವಾಗ್ಳೆ ಎಸ್ಟೇಟಿನ ಒಂದು ಔಷಧ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಅವಳ ಸಂಬಳದಲ್ಲೇ ನಾನು ಡಿಪ್ಲೊಮಾ ಮುಗಿಸಿದೆ. ಅವಳಿಗೆ ಬಂದ ಎರಡು ಸಂಬಂಧಗಳನ್ನು ಅಮ್ಮ, "ಇವನದೊಂದು ದಾರಿ ಆಗಲಿ" ಎಂದು ಮುಂದೆ ಹಾಕಿದ್ದು ನನಗೆ ಗೊತ್ತಿತ್ತು. ನನ್ನ ದಾರಿ ಆಗುವ ಹೊತ್ತಿಗೆ ಸಂಬಂಧಗಳು ಬರುವುದು ನಿಂತಿತ್ತು. ಅಮ್ಮ ಹೋದ ಮೇಲೆ ಮನೆ ನಮ್ಮಿಬ್ಬರ ಹೆಸರಿಗಾಯಿತು. ಅಕ್ಕ ಅಲ್ಲೇ ಒಬ್ಬಳೇ ಇದ್ದಳು.

ನಾನು ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ ಖರೀದಿ ವಿಭಾಗದಲ್ಲಿದ್ದೆ. ಹೆಂಡತಿ, ಶಾಲೆಗೆ ಹೋಗುವ ಮಗಳು, ಡೊಂಬಿವಲಿ ಪೂರ್ವದಲ್ಲಿ ಬಾಡಿಗೆ ಮನೆ. ಗಾಳಿ ತಿರುಗಿದ ದಿನ ಕಾರ್ಖಾನೆಗಳ ವಾಸನೆ ಒಣಹಾಕಿದ ಬಟ್ಟೆಗೂ ಹತ್ತುತ್ತಿತ್ತು. ಅಲ್ಲಿಂದ ಹೊರಗೆ ಬೀಳಬೇಕು ಎಂಬುದು ನನ್ನ ಹಠ. ಅದೇ ವರ್ಷ ನವಿ ಮುಂಬಯಿಯ ಖಾರ್‌ಘರಿನಲ್ಲಿ ಇನ್ನೂ ಪಾಯದಲ್ಲಿದ್ದ ಒಂದು ಟವರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಬುಕ್ ಮಾಡಿದ್ದೆ. ಇಪ್ಪತ್ತು ಲಕ್ಷ ಸಾಲ, ಎಂಟೂವರೆ ಬಡ್ಡಿ, ಫ್ಲೋಟಿಂಗ್. ಬ್ಯಾಂಕಿನ ಹುಡುಗಿ, "ರೇಟು ಇಳಿದರೆ ನಿಮಗೇ ಲಾಭ ಸರ್" ಎಂದು ನಕ್ಕಿದ್ದಳು. ಏರಿದರೆ ಏನು ಎಂದು ನಾನು ಕೇಳಲಿಲ್ಲ. ಕಾರ್ಖಾನೆಗೆ ಒಂದು ಡ್ರಮ್ ಆಸಿಡ್ ತರಿಸುವಾಗ ಹತ್ತು ಷರತ್ತು ಓದುವವನು ನಾನು. ನನ್ನ ಮನೆಯ ಕಾಗದಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆಯೆಲ್ಲ ಸಹಿ ಹಾಕಿ ಎದ್ದು ಬಂದೆ. ನೌಪಾಡಾದ ಮನೆಯ ಅರ್ಧ ಪಾಲು ಬಂದರೆ ಸಾಲದ ಅರ್ಧ ತೀರಿಸಿಬಿಡಬಹುದು ಎಂಬ ಲೆಕ್ಕ ನನ್ನದು.

ಅಕ್ಕನಿಗೂ ಒಂದು ಲೆಕ್ಕವಿತ್ತು. ಟೀಚರ್ ದಂಪತಿ ಮೆಟ್ಟಿಲಿಳಿದು ಹೋದ ಮೇಲೆ ಕ್ಯಾಲೆಂಡರಿನ ಹಳೇ ಹಾಳೆಯೊಂದನ್ನು ತಂದು ನನ್ನೆದುರು ಇಟ್ಟಳು. ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿದ್ದಳು: ಅವಳ ಪಾಲು ಒಂಬತ್ತು ಲಕ್ಷ. ಕಲ್ಯಾಣದಲ್ಲಿ ನೆಲ ಅಂತಸ್ತಿನ ಒಂದು ರೂಮು, ಕಿಚನ್, ಐದು ಲಕ್ಷ. ಉಳಿದ ನಾಲ್ಕು ಬ್ಯಾಂಕಿನಲ್ಲಿ ಎಫ್‌ಡಿ. ಅದರ ಬಡ್ಡಿಯಲ್ಲಿ ಹಾಲು, ಅಕ್ಕಿ, ಕರೆಂಟು. ಕಂಪನಿಯ ಪಿಎಫ್ ಕಾಯಿಲೆಗೆ.

"ಕೆಲಸ ಬಿಡ್ತೀಯಾ?" ಎಂದು ಕೇಳಿದೆ. ನಾವು ಮನೆಯಲ್ಲಿ ಮಾತಾಡುವುದು ತುಳುವಿನಲ್ಲಿ.

"ಮೂವತ್ತು ವರ್ಷ ನಿಂತುಕೊಂಡೇ ಇದ್ದೇನೆ ಮಾರಾಯ. ಮೊಣಕಾಲು ನನ್ನ ಮಾತು ಕೇಳೋದಿಲ್ಲ. ಮೂರು ಮಾಳಿಗೆ ಹತ್ತುವಾಗ ಎರಡು ಸಲ ಕೂತುಕೊಳ್ತೇನೆ. ಹದಿನೆಂಟು ಒಳ್ಳೇ ರೇಟು. ಕೊಟ್ಟುಬಿಡುವ."

"ಕೆಳಗೆ ಕೂರುವ ಮನೆ ಎಜೆಂಟ್ ಏನು ಹೇಳ್ತಾನೆ ಗೊತ್ತುಂಟಾ? ಬರುವ ದೀಪಾವಳಿಗೆ ಇಪ್ಪತ್ತೆರಡು. ಒಂದು ವರ್ಷ ಕೂತರೆ ನಿನಗೆ ಎರಡು ಲಕ್ಷ, ನನಗೆ ಎರಡು ಲಕ್ಷ."

"ಎಜೆಂಟ್ ಹೇಳೋದು ಅವನ ಕಮಿಷನ್ನಿಗೆ."

"ಅಕ್ಕಾ, ಮಾತ್ರೆ ಪ್ಯಾಕ್ ಮಾಡುವುದಲ್ಲ ಇದು. ನಿನಗೆ ಇದೆಲ್ಲ ಅರ್ಥ ಆಗೋದಿಲ್ಲ."

ಅವಳು ಹಾಳೆ ಮಡಚಿದಳು. "ಆಯ್ತು. ನೀನು ಓದಿದವ," ಅಂದಳು. ಆ ದಿನ ಅದು ನನಗೆ ಹೊಗಳಿಕೆಯಂತೆ ಕೇಳಿತು.

ಮಾರನೇ ದಿನ ಟೀಚರಿಗೆ ಫೋನ್ ಮಾಡಿ, ಇಪ್ಪತ್ತೆರಡಕ್ಕೆ ಕಡಿಮೆ ಕೊಡುವುದಿಲ್ಲ ಎಂದೆ. ಅವನು, "ನಮ್ಮ ಶಾಲೆಗೆ ಹತ್ತಿರ ಇತ್ತು ಸರ್," ಎಂದು ಫೋನ್ ಇಟ್ಟ.

ಎರಡು ಮೂರು ತಿಂಗಳಿಗೆ ಬ್ಯಾಂಕಿನಿಂದ ಮೊದಲನೇ ಕಾಗದ ಬಂತು. ಬಡ್ಡಿ ಮುಕ್ಕಾಲು ಪರ್ಸೆಂಟ್ ಏರಿದೆ, ನಿಮ್ಮ ಕಂತು ಬದಲಾಗಿಲ್ಲ, ಅವಧಿ ಮಾತ್ರ ವಿಸ್ತರಿಸಿದೆ ಎಂದು. ಕಂತು ಬದಲಾಗಿಲ್ಲ ಎಂಬುದನ್ನಷ್ಟೇ ಓದಿ ಡ್ರಾಯರಿನಲ್ಲಿ ಹಾಕಿದೆ. ಎರಡನೇ ಕಾಗದ, ಮೂರನೇ ಕಾಗದ. ಒಂದು ಸಂಜೆ ಹೆಂಡತಿ ಡ್ರಾಯರಿನಲ್ಲಿ ರೇಷನ್ ಕಾರ್ಡ್ ಹುಡುಕುವಾಗ ಅವೆಲ್ಲ ಅವಳ ಕೈಗೆ ಸಿಕ್ಕಿದವು. ಅವಳು ಒಂದೊಂದನ್ನೂ ಓದಿ, ಬೆರಳು ಮಡಚಿ ಲೆಕ್ಕ ಹಾಕಿದಳು.

"ಇದರ ಪ್ರಕಾರ ಸಾಲ ತೀರುವಾಗ ನಿಮಗೆ ಎಪ್ಪತ್ತೆರಡು ವರ್ಷ. ರಿಟೈರ್ ಆದ ಮೇಲೆ ಹದಿನಾಲ್ಕು ವರ್ಷ ಯಾರು ಕಟ್ಟೋದು?"

ಬ್ಯಾಂಕಿಗೂ ಅದೇ ಪ್ರಶ್ನೆ ಬಂದಿರಬೇಕು. ಇನ್ನು ಅವಧಿ ಎಳೆಯಲು ಆಗುವುದಿಲ್ಲ, ಕಂತನ್ನೇ ಏರಿಸುತ್ತೇವೆ ಎಂದು ಬರೆದರು. ಹದಿನೇಳು ಸಾವಿರ ಚಿಲ್ಲರೆ ಇದ್ದದ್ದು ಇಪ್ಪತ್ತೊಂದೂವರೆ ದಾಟಿತು. ಎಂಟೂವರೆಯ ಬಡ್ಡಿ ಹನ್ನೊಂದು ಮುಕ್ಕಾಲು ಆಗಿತ್ತು. ನನ್ನ ಸಂಬಳ ಆ ಎರಡು ವರ್ಷದಲ್ಲಿ ಏರಿದ್ದು ಒಂದು ಸಾವಿರದ ಇನ್ನೂರು. ಅಕ್ಕನಿಗೆ ಹೇಳಿದ್ರಾ ಎಂದು ಹೆಂಡತಿ ಕೇಳಿದಳು. ಅವಳಿಗೇನು ಸಂಬಂಧ ಎಂದು ರೇಗಿದೆ.

ದೀಪಾವಳಿ ಬಂತು, ಹೋಯಿತು. ಇಪ್ಪತ್ತೆರಡರ ಗಿರಾಕಿ ಬರಲಿಲ್ಲ. ಮನೆ ನೋಡಲು ಬಂದವರು ಚೆನ್ನಾಗಿದೆ ಅನ್ನುತ್ತಿದ್ದರು, ಬ್ಯಾಂಕಿನಲ್ಲಿ ಕೇಳಿ ಬರುತ್ತೇವೆ ಅನ್ನುತ್ತಿದ್ದರು, ಮತ್ತೆ ಕಾಣುತ್ತಿರಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಅದೇ ಟೀಚರ್ ದಂಪತಿ ಪುನಃ ಬಂದರು. ಹೆಂಡತಿ ಗರ್ಭಿಣಿ. ಮೂರು ಮಾಳಿಗೆ ಹತ್ತಿ ಬಂದು ಉಸಿರು ಬಿಡುತ್ತಿದ್ದಳು. ಅಕ್ಕ ಕುರ್ಚಿ ಕೊಟ್ಟು ಫ್ಯಾನ್ ಜೋರು ಮಾಡಿದಳು.

"ಹದಿನೈದು ಕೊಡಬಹುದು ಸರ್," ಅಂದ ಗಂಡ, ಮರಾಠಿಯಲ್ಲಿ.

"ಹೋದ ಸಲ ಹದಿನೆಂಟು ಅಂದಿರಿ. ಮನೆ ಸಣ್ಣದಾಯ್ತಾ?"

"ಮನೆ ಅಷ್ಟೇ ಇದೆ. ನಮ್ಮ ಸಂಬಳದಲ್ಲಿ ತಿಂಗಳಿಗೆ ಹದಿಮೂರು ಸಾವಿರ ಕಟ್ಟಬಹುದು. ಆವಾಗ ಆ ಹದಿಮೂರಕ್ಕೆ ಬ್ಯಾಂಕು ಹದಿನೈದು ಲಕ್ಷ ಕೊಡ್ತಿತ್ತು. ಈಗ ಅದೇ ಹದಿಮೂರಕ್ಕೆ ಹನ್ನೆರಡು ಕೊಡ್ತದೆ. ನಮ್ಮ ಕೈಯಲ್ಲಿ ಇರೋದು ಆವತ್ತೂ ಮೂರು, ಇವತ್ತೂ ಮೂರು."

ಅಷ್ಟು ಸರಳವಾಗಿ ಅದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಯ ಬೆಲೆ ಎಂದು ನಾನು ತಿಳಿದದ್ದು ಅದರ ಗೋಡೆಯಲ್ಲೂ ಇರಲಿಲ್ಲ, ನೌಪಾಡಾ ಎಂಬ ಹೆಸರಿನಲ್ಲೂ ಇರಲಿಲ್ಲ. ಗುರುತಿಲ್ಲದ ಯಾರೋ ಒಬ್ಬನ ಸಂಬಳದಲ್ಲಿ ಇತ್ತು. ಬಡ್ಡಿ ಏರಿದಾಗ ನನ್ನ ಕಂತು ದೊಡ್ಡದಾದ ಹಾಗೆಯೇ, ಆ ಯಾರೋ ಒಬ್ಬ ಕೊಡಬಹುದಾದ ಬೆಲೆ ಸಣ್ಣದಾಗಿತ್ತು. ಎರಡೂ ಕಡೆಯಿಂದ ಹೊಡೆತ ತಿಂದವನು ನಾನು. ಅದು ಆ ಕ್ಷಣದಲ್ಲೇ ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಬಂತು.

"ಹದಿನೈದಕ್ಕೆ ನೌಪಾಡಾದಲ್ಲಿ ಮನೆ ಸಿಗೋದಿಲ್ಲ. ಅಷ್ಟರ ಯೋಗ್ಯತೆ ಇದ್ದರೆ ಇನ್ನೂ ದೂರ ಹೋಗಿ ಹುಡುಕಿ," ಅಂದೆ.

ಗಂಡನ ಮುಖ ಕೆಂಪಾಯಿತು. ಹೆಂಡತಿ ಎದ್ದು ನಿಂತು, ಅಕ್ಕನಿಗೆ ಮಾತ್ರ ಕೈ ಮುಗಿದು ಹೊರಟಳು. ಅವರು ಇಳಿಯುವ ಸದ್ದು ನಿಂತ ಮೇಲೆ ಅಕ್ಕ, "ಬಸುರಿ ಹೆಂಗಸಿನ ಎದುರು ಹಾಗೆ ಮಾತಾಡ್ತಾರಾ?" ಎಂದು ಕೇಳಿದಳು. ಅಪ್ಪ ಇದ್ದಿದ್ದರೆ ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದಳು.

ಅದಾದ ಮೇಲೆ ಯಾರೂ ಬರಲಿಲ್ಲ. ಕೆಳಗಿನ ಎಜೆಂಟ್ ತನ್ನ ಮೇಜಿನ ಅರ್ಧವನ್ನು ಮೊಬೈಲ್ ರೀಚಾರ್ಜ್ ಮಾಡುವವನಿಗೆ ಬಾಡಿಗೆಗೆ ಕೊಟ್ಟ. "ಮಾರ್ಕೆಟ್ ಠಂಡಾ ಹೈ ಸಾಬ್," ಅನ್ನುತ್ತಿದ್ದ, ತಾನು ಇಪ್ಪತ್ತೆರಡು ಅಂದದ್ದು ಯಾವುದೋ ಬೇರೆ ಊರಿನ ಮಾತೆಂಬಂತೆ.

ಆ ಮಳೆಗಾಲದಲ್ಲಿ ನಾನು ಖಾರ್‌ಘರಿನ ಸೈಟಿಗೆ ಹೋದೆ. ಹದಿನಾಲ್ಕು ಮಾಳಿಗೆ ಆಗಬೇಕಾದದ್ದು ಏಳಕ್ಕೆ ನಿಂತಿತ್ತು. ನನ್ನ ಫ್ಲ್ಯಾಟ್ ಒಂಬತ್ತನೆಯದರಲ್ಲಿ. ಅಂದರೆ ಇನ್ನೂ ಆಕಾಶದಲ್ಲಿ. ಸ್ಲ್ಯಾಬಿನಿಂದ ಹೊರಗೆ ಚಾಚಿದ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿದು, ಕೆಂಪು ನೀರು ಕಂಬಗಳ ಮೇಲೆ ಇಳಿದಿತ್ತು. ಬಿಲ್ಡರನ ಆಫೀಸಿಗೆ ಬೀಗ. ತಗಡಿನ ಶೆಡ್ಡಿನ ಎದುರು ಒಬ್ಬ ವಾಚ್‌ಮನ್ ತನ್ನ ಹೆಂಡತಿಯ ಹತ್ತಿರ ಮಾತಾಡುತ್ತಿದ್ದ. ವಿಜಯಪುರದ ಕಡೆಯ ಕನ್ನಡ. ನಾನೂ ಕನ್ನಡದಲ್ಲೇ ಮಾತಾಡಿಸಿದೆ. ಅವನಿಗೆ ಖುಷಿಯಾಯಿತು. ಖುಷಿಗೆ ಅಷ್ಟೇ ಕಾರಣ ಅವನಿಗಿದ್ದದ್ದು.

"ಕೆಲಸ ಯಾಕೆ ನಿಂತಿದೆ?"

"ಏನ್ ಹೇಳೂದ್ರಿ ಸಾಹೇಬ್ರ. ಶೇಟ್‌ಗ ಹೊಸಾ ಬುಕಿಂಗ್ ಬರವಲ್ದಂತ. ಅವನೂ ಬಡ್ಡೀಲೇ ರೊಕ್ಕಾ ತಂದಾನ. ಸಿಮೆಂಟ್ ಬರೂದ್ ನಿಂತು ಮೂರ್ ತಿಂಗಳಾತು. ನಮ್ಮ ಮಂದಿ ಎಲ್ಲಾ ಪುಣೇಕ ಹ್ವಾದ್ರು. ನನ್ನ ಪಗಾರ ಬಾಕಿ ಐತಿ, ಅದಕ್ಕ ಕುಂತೀನಿ."

"ಮತ್ತೆ ಶುರು ಆಗ್ತದಾ?"

"ನಿಮಗ ಗೊತ್ತಿರಬೇಕ್ರಿ, ಓದಿದವರು," ಅಂದ ಅವನು, ನಿಜವಾಗಿಯೂ ನನ್ನಿಂದ ಉತ್ತರ ಬಯಸಿ.

ಅದೇ ದಿನಗಳಲ್ಲಿ ಅಕ್ಕ ಪೇಪರಿನಿಂದ ಒಂದು ಜಾಹೀರಾತು ಕತ್ತರಿಸಿ ಇಟ್ಟಿದ್ದಳು. ಒಂದು ಬ್ಯಾಂಕು ಮೂರು ವರ್ಷದ ಎಫ್‌ಡಿಗೆ ಹತ್ತೂವರೆ ಪರ್ಸೆಂಟ್ ಕೊಡುತ್ತೇನೆ ಎಂದಿತ್ತು. ನಾನು ಹೋದಾಗ ಅದನ್ನು ತೋರಿಸಿದಳು. ಆಪಾದನೆಯ ಸ್ವರ ಇರಲಿಲ್ಲ, ಏನೋ ಚೋದ್ಯ ಕಂಡ ಹಾಗೆ ಹೇಳಿದಳು: "ನೋಡು. ನಿನ್ನನ್ನು ತಿನ್ನುವ ಬಡ್ಡಿಯೇ ನನ್ನನ್ನು ಸಾಕುತ್ತಿತ್ತು. ನಾಲ್ಕು ಲಕ್ಷ ಹಾಕಿದ್ದರೆ ತಿಂಗಳಿಗೆ ಮೂರೂವರೆ ಸಾವಿರ." ಆಮೇಲೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಎರಡನೇ ಶಿಫ್ಟಿಗೆ ಹೊರಟಳು. ಒಂದು ಕೈ ಕಟಕಟೆ, ಒಂದು ಕೈ ಗೋಡೆ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಮೇಲಿನಿಂದ ನೋಡಿದೆ.

ಮುಂದಿನ ವರ್ಷದ ಆರಂಭಕ್ಕೆ ನನ್ನ ಎರಡು ಕಂತು ತಪ್ಪಿತು. ಕಾರ್ಖಾನೆಗೆ ವಿದೇಶದ ಆರ್ಡರ್ ಕಡಿಮೆಯಾಗಿ ಭತ್ಯೆಗಳೆಲ್ಲ ನಿಂತಿದ್ದವು. ಬ್ಯಾಂಕಿನ ವಸೂಲಿಯವರು ಆಫೀಸಿಗೇ ಫೋನ್ ಮಾಡತೊಡಗಿದರು. ರಿಸೆಪ್ಶನ್ನಿನ ಹೆಂಗಸು ಫೋನ್ ಕೊಡುವಾಗ ನನ್ನ ಕಣ್ಣು ತಪ್ಪಿಸುತ್ತಿದ್ದಳು. ಆಗ ಬಂದವನು ಒಬ್ಬ ಬಟ್ಟೆ ವ್ಯಾಪಾರಿ. ಠಾಣೆಯಲ್ಲೇ ಮೂರು ಅಂಗಡಿ. ಅವನು ಕಿಟಕಿ ನೋಡಲಿಲ್ಲ, ಗೋಡೆ ನೋಡಲಿಲ್ಲ, ಬಾಗಿಲಿನಿಂದ ಎರಡು ಹೆಜ್ಜೆ ಒಳಗೂ ಬರಲಿಲ್ಲ.

"ಹದಿಮೂರು. ಲೋನ್ ಗೀನ್ ಇಲ್ಲ. ಹದಿನೈದು ದಿನದಲ್ಲಿ ಪೂರ್ತಿ ಹಣ."

ನಾನು ಟೀಚರ್ ದಂಪತಿಯ ಹದಿನೈದರ ಮಾತೆತ್ತಿದೆ. ಅವನು ನಕ್ಕ.

"ಅವರು ಈಗ ಎಲ್ಲಿದ್ದಾರೆ ಹೇಳಿ, ಅವರಿಗೇ ಕೊಡಿ. ನೋಡಿ ಸಾಹೇಬ್, ನನ್ನ ದುಡ್ಡು ಬ್ಯಾಂಕಿನಲ್ಲಿ ಹತ್ತೂವರೆಗೆ ಮಲಗಿದೆ. ನಿಮ್ಮ ಈ ರೂಮನ್ನು ಬಾಡಿಗೆಗೆ ಕೊಟ್ಟರೆ ನಾಲ್ಕು ಸಾವಿರ ಬರ್ತದೆ, ಬ್ಯಾಂಕಿನ ಅರ್ಧವೂ ಇಲ್ಲ. ಆದರೂ ತಗೊಳ್ತೇನೆ, ಯಾಕೆ? ಸಾಲ ಮಾಡಿ ಕೊಳ್ಳುವವರು ಮನೆಯಲ್ಲಿ ಕೂತ ದಿನವೇ ನಮ್ಮಂಥವರು ಹೊರಗೆ ಬರೋದು. ಬಡ್ಡಿ ಹೀಗೇ ಇರೋದಿಲ್ಲ. ಇಳಿದ ದಿನ ಅವರೆಲ್ಲ ವಾಪಸು ಬರ್ತಾರೆ. ಅಲ್ಲಿವರೆಗೆ ಕೂತುಕೊಳ್ಳುವ ಶಕ್ತಿ ನನಗುಂಟು. ನಿಮಗುಂಟಾ?"

ಅವನು ಹೋದ ಮೇಲೆ ಅಕ್ಕ ಖಂಡಿತವಾಗಿ ಹೇಳಿದಳು: "ಕೊಡುವುದು ಬೇಡ. ಅವನೇ ಹೇಳಿದ ಅಲ್ವಾ, ಬಡ್ಡಿ ಇಳಿಯುತ್ತದೆ ಅಂತ. ಇಷ್ಟು ಕಾದಾಯಿತು, ಇನ್ನೊಂದು ವರ್ಷ ನಾನು ಮೆಟ್ಟಿಲು ಹತ್ತುತ್ತೇನೆ."

"ನನ್ನಿಂದ ಆಗೋದಿಲ್ಲ ಅಕ್ಕಾ."

ಆಗ ಮೊದಲ ಸಲ ಅವಳಿಗೆ ಎಲ್ಲವನ್ನೂ ಹೇಳಿದೆ. ಕಾಗದಗಳ ವಿಷಯ, ತಪ್ಪಿದ ಕಂತು, ನಿಂತ ಟವರು, ಆಫೀಸಿಗೆ ಬರುವ ಫೋನು. ಹೇಳುತ್ತಾ ಹೇಳುತ್ತಾ ಅತ್ತೆ. ಅತ್ತದ್ದು ನಿಜವಾದ ದುಃಖಕ್ಕೇ. ಆದರೆ ಅಳು ಅವಳ ಮೇಲೆ ಏನು ಮಾಡುತ್ತದೆಂದು ನನಗೆ ಚಿಕ್ಕಂದಿನಿಂದಲೂ ಗೊತ್ತಿತ್ತು, ಇದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

"ನೀನು ಬಿದ್ದರೆ ಆ ಮಗುವೂ ಬೀಳುತ್ತದೆ," ಅಂದಳು, ನನ್ನ ಮಗಳ ಬಗ್ಗೆ. "ಎಲ್ಲಿ ಸಹಿ ಹಾಕಬೇಕು ಹೇಳು."

ಹದಿಮೂರಕ್ಕೇ ಕೊಟ್ಟೆವು. ನನ್ನ ಆರೂವರೆ ನೇರವಾಗಿ ಬ್ಯಾಂಕಿಗೆ ಹೋಯಿತು. ಅಕ್ಕ ಕೆಲಸ ಬಿಟ್ಟು, ಸದ್ಯಕ್ಕೆ ಎಂದು ಕಲ್ಯಾಣ ಪೂರ್ವದಲ್ಲಿ ಒಂದು ಬಾಡಿಗೆ ರೂಮಿಗೆ ಹೋದಳು. ಒಂದೇ ತಿಂಗಳಲ್ಲಿ ಅಲ್ಲೇ ಹತ್ತಿರ ಒಂದು ಮನೆ ಹುಡುಕಿಯೂ ಬಿಟ್ಟಳು. ನೆಲ ಅಂತಸ್ತು, ಎದುರಿಗೆ ಒಂದು ನುಗ್ಗೆ ಮರ, ನಾಲ್ಕು ಮುಕ್ಕಾಲು ಲಕ್ಷ. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಅವಳ ಮುಖದಲ್ಲಿ ಹುಡುಗಿಯ ಕಳೆ ಇತ್ತು. ಇಲ್ಲಿ ಗ್ಯಾಸ್ ಕಟ್ಟೆ, ಇಲ್ಲಿ ದೇವರು ಎಂದು ಕೈ ತೋರಿಸುತ್ತಾ ಓಡಾಡಿದಳು, ಆ ಕಾಲಿನಲ್ಲಿ.

ನಾನು ಅಲ್ಲೂ ಬುದ್ಧಿ ಹೇಳಿದೆ.

"ಈಗ ಕೊಳ್ಳಬೇಡ. ನಮ್ಮದು ಹದಿನೆಂಟರಿಂದ ಹದಿಮೂರಕ್ಕೆ ಬಂತು ಅಲ್ವಾ? ಇದೂ ಬೀಳುತ್ತದೆ. ಆರು ತಿಂಗಳು ತಡಿ, ನಾಲ್ಕಕ್ಕೆ ಕೊಡಿಸ್ತೇನೆ. ಅಲ್ಲಿ ಕಳೆದದ್ದನ್ನು ಇಲ್ಲಿ ಹಿಂದೆ ತೆಗೆಯುವ."

ಅದನ್ನು ನಾನು ಅವಳ ಒಳ್ಳೆಯದಕ್ಕೇ ಹೇಳಿದ್ದು. ಅದೇ ಇವತ್ತಿಗೂ ನನ್ನನ್ನು ಬಿಡದಿರುವುದು. ಸ್ವಾರ್ಥಕ್ಕೆ ಮಾಡಿದ ತಪ್ಪನ್ನು ಒಪ್ಪಿಕೊಳ್ಳಬಹುದು. ಪ್ರೀತಿಯಿಂದ, ತಿಳಿದವನ ಗತ್ತಿನಿಂದ ಮಾಡಿದ್ದನ್ನು ಎಲ್ಲಿ ಇಡುವುದು? ಅವಳು ಆ ಮನೆಯ ಬಾಗಿಲಿನ ಚೌಕಟ್ಟನ್ನು ಒಮ್ಮೆ ಮುಟ್ಟಿ, "ಖಂಡಿತ ಇಳಿಯುತ್ತದಾ?" ಎಂದು ಕೇಳಿದಳು. ನಾನು ಖಂಡಿತ ಅಂದೆ.

ಆ ಬೇಸಿಗೆಯ ಹೊತ್ತಿಗೆ ಬ್ಯಾಂಕುಗಳ ಬಡ್ಡಿ ಇಳಿಯುತ್ತಾ ಇತ್ತು. ಹೊಸ ಸಾಲಗಾರರಿಗೆ ಎಂಟು ಪರ್ಸೆಂಟ್ ಎಂದು ಸ್ಟೇಶನ್ನಿನ ಎದುರು ಬೋರ್ಡು ಹಾಕಿದರು. ಬಟ್ಟೆ ವ್ಯಾಪಾರಿ ಹೇಳಿದ ಹಾಗೆಯೇ, ಮನೆಯಲ್ಲಿ ಕೂತಿದ್ದವರೆಲ್ಲ ಹೊರಗೆ ಬಂದರು. ನುಗ್ಗೆ ಮರದ ಮನೆ ದೀಪಾವಳಿಗೆ ಆರಕ್ಕೆ ಹೋಯಿತು. ಅಂಥದೇ ಇನ್ನೊಂದನ್ನು ಮರುವರ್ಷ ಕೇಳಿದಾಗ ಏಳೂವರೆ ಅಂದರು. ಅಷ್ಟರಲ್ಲಿ ಅಕ್ಕನ ಒಂದು ಮೊಣಕಾಲಿನ ಆಪರೇಶನ್ನಿಗೆ ಪಿಎಫ್ ಎಲ್ಲಾ ಹೋಗಿತ್ತು. ಉಳಿದ ಆರೂವರೆಯನ್ನು ಎಫ್‌ಡಿಯಲ್ಲಿ ಇಟ್ಟಾಗ ಸಿಕ್ಕಿದ್ದು ಏಳು ಪರ್ಸೆಂಟ್. ಬಡ್ಡಿ ಏರಿದ್ದಾಗ ಅವಳ ಕೈಯಲ್ಲಿ ಹಣ ಇರಲಿಲ್ಲ. ಹಣ ಬಂದಾಗ ಬಡ್ಡಿ ಇರಲಿಲ್ಲ. ಬಂದ ಬಡ್ಡಿಯೂ ಬಹುಪಾಲು ಬಾಡಿಗೆಗೇ ಹೋಗುತ್ತಿತ್ತು.

ನನ್ನ ಕಂತು ಮಾತ್ರ ಏರಿದಷ್ಟು ವೇಗದಲ್ಲಿ ಇಳಿಯಲಿಲ್ಲ. ಹಳೇ ಗಿರಾಕಿಗಳಿಗೆ ಹಳೇ ದರ ಎಂದರು. ಹೊಸ ದರ ಬೇಕಾದರೆ ಅದಕ್ಕೊಂದು ಫೀಸ್. ಅದನ್ನೂ ಕಟ್ಟಿದೆ. ಟವರಿನ ಕೆಲಸ ಮತ್ತೆ ಶುರುವಾಗಿ, ಹೇಳಿದ್ದಕ್ಕಿಂತ ಮೂರೂವರೆ ವರ್ಷ ತಡವಾಗಿ ಕೀಲಿ ಸಿಕ್ಕಿತು. ಅಷ್ಟರಲ್ಲಿ ಅದರ ಬೆಲೆ ಎರಡು ಪಾಲು ದಾಟಿತ್ತು. ಕಾರ್ಖಾನೆಯಲ್ಲಿ ಎಲ್ಲರೂ ಕೈ ಕುಲುಕಿದರು. "ನೀವು ಸರಿಯಾದ ಹೊತ್ತಿಗೆ ಕೊಂಡಿರಿ," ಅಂದರು. ನಾನು ನಕ್ಕು ಪೇಡೆ ಹಂಚಿದೆ. ನೌಪಾಡಾದಲ್ಲಿ ನಮ್ಮ ರೂಮನ್ನು ವ್ಯಾಪಾರಿ ಇಪ್ಪತ್ತೊಂಬತ್ತಕ್ಕೆ ಮಾರಿದ ಎಂದು ಆ ವಾರವೇ ಗೊತ್ತಾಯಿತು.

ಗೃಹಪ್ರವೇಶಕ್ಕೆ ಅಕ್ಕ ಬಂದಳು. ಒಂಬತ್ತನೇ ಮಾಳಿಗೆ, ಲಿಫ್ಟ್ ಉಂಟು. ಎರಡೂ ಬೆಡ್‌ರೂಮು ನೋಡಿದಳು, ಒಳ್ಳೇ ಗಾಳಿ ಅಂದಳು. ಊಟದ ನಂತರ ನನ್ನ ಹೆಂಡತಿ ಅವಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ, ಇಲ್ಲೇ ಇದ್ದುಬಿಡಿ ಎಂದು ಕೇಳಿದಳು. ಬಾಗಿಲ ಹೊರಗೆ ನಾನು ನಿಂತಿದ್ದೆ.

"ಬೇಡ," ಅಂದಳು ಅಕ್ಕ. "ಅಲ್ಲಿ ನಾನು ಬಾಡಿಗೆ ಕೊಡ್ತೇನೆ. ಕೊಟ್ಟ ಮೇಲೆ ನನ್ನ ಮನಸ್ಸಿಗೆ ಬಂದ ಹಾಗೆ ಇರ್ತೇನೆ. ಇಲ್ಲಿ ಏನು ಕೊಟ್ಟರೆ ಹಾಗೆ ಇರಬಹುದು?"

ಅಕ್ಕ ಹೋದ ಮೇಲೆ ಹೆಂಡತಿ ನನ್ನನ್ನು ಬಿಡಲಿಲ್ಲ. "ಇದರ ಮೇಲೆ ಇನ್ನೊಂದು ಸಣ್ಣ ಸಾಲ ತೆಗೆದು ಅವರಿಗೊಂದು ರೂಮು ಕೊಡಿಸಿ. ನಿಮ್ಮ ಆರೂವರೆ ಈ ಮನೆಯ ಸಾಲಕ್ಕೆ ಹೋದದ್ದು ಅವರ ಸಹಿಯಿಂದ."

ನಾನು ಬ್ಯಾಂಕಿಗೆ ಹೋಗಿ ಕೇಳಿಯೂ ಬಂದೆ. ಬಡ್ಡಿ ಮತ್ತೆ ಏರುತ್ತಿದ್ದ ಕಾಲ ಅದು. ಮಗಳ ಇಂಜಿನಿಯರಿಂಗ್ ಎದುರಿಗಿತ್ತು. ಸ್ವಲ್ಪ ಇಳಿಯಲಿ, ಆಮೇಲೆ ತೆಗೆಯುವ ಎಂದುಕೊಂಡೆ. ಇಳಿದಾಗ ಕಲ್ಯಾಣದ ರೂಮುಗಳು ಹದಿನೈದಕ್ಕೆ ಹೋಗಿದ್ದವು. ನಾನು ತೆಗೆಯಲಿಲ್ಲ. ಇದಕ್ಕೆ ಕಾರಣಗಳನ್ನು ಬೇಕಾದಷ್ಟು ಕೊಡಬಲ್ಲೆ, ಕೊಡುವುದಿಲ್ಲ.

ಅಕ್ಕ ಈ ವರ್ಷಗಳಲ್ಲಿ ಕಲ್ಯಾಣದಲ್ಲೇ ಐದು ಮನೆ ಬದಲಿಸಿದ್ದಾಳೆ. ಹನ್ನೊಂದು ತಿಂಗಳ ಕರಾರು. ಮಾಲೀಕರು ಬಾಡಿಗೆ ಏರಿಸುತ್ತಾರೆ, ಇಲ್ಲವೇ ಮಗನಿಗೆ ಮದುವೆ ಅನ್ನುತ್ತಾರೆ. ಕರಾರಿಗೆ ಇಬ್ಬರು ಸಾಕ್ಷಿಗಳು ಬೇಕು. ಪಕ್ಕದ ಮನೆಯವರೊಬ್ಬರು, ಇನ್ನೊಬ್ಬ ನಾನು. ಆ ಒಂದು ಕೆಲಸಕ್ಕೆ ಮಾತ್ರ ಅವಳೇ ಫೋನ್ ಮಾಡಿ ಕರೆಯುತ್ತಾಳೆ. ಉಳಿದಂತೆ ಹಬ್ಬಕ್ಕೆ ಮಾತಾಡುತ್ತೇವೆ. ಲೋಕಲ್ ಎಷ್ಟು ಲೇಟು, ಮಗಳು ಏನು ಮಾಡುತ್ತಾಳೆ, ಸೆಕೆ ಎಷ್ಟು. ನೌಪಾಡಾ ಎಂಬ ಶಬ್ದ ನಮ್ಮ ನಡುವೆ ಬರುವುದಿಲ್ಲ. ಅವಳು ನನ್ನನ್ನು ಒಂದು ಸಲವಾದರೂ ಬೈದಿದ್ದರೆ ನಾನು ಕಾಲಿಗೆ ಬಿದ್ದುಬಿಡುತ್ತಿದ್ದೆ. ಆ ಅವಕಾಶವನ್ನು ಅವಳು ಕೊಟ್ಟಿಲ್ಲ.

ಹೋದ ಸಲ ಕರಾರು ಮಾಡಿಸುವ ಆಫೀಸಿನಲ್ಲಿ ಕಂಪ್ಯೂಟರ್ ಎದುರು ಕೂತ ಹೆಂಗಸು ನನ್ನ ಆಧಾರ್ ಕಾರ್ಡಿನ ನಂಬರ್ ಹೊಡೆಯುತ್ತಾ, ತಲೆ ಎತ್ತದೆ ಅಕ್ಕನನ್ನು ಕೇಳಿದಳು, "ಹೇ ತುಮ್ಚೆ ಕೋಣ್?" ಇವರು ನಿಮಗೆ ಏನಾಗಬೇಕು ಎಂದು.

"ಓಳ್ಖೀಚೆ," ಅಂದಳು ಅಕ್ಕ. ಪರಿಚಯದವರು.

ಹೆಂಗಸು ಅದನ್ನು ಎಲ್ಲೂ ಬರೆದುಕೊಳ್ಳಲಿಲ್ಲ, ಸುಮ್ಮನೆ ಕೇಳಿದ್ದು. ನಾನು ಹೆಬ್ಬೆಟ್ಟನ್ನು ಮೆಷಿನಿನ ಮೇಲೆ ಇಟ್ಟೆ. ಮೊದಲ ಸಲ ಹಿಡಿಯಲಿಲ್ಲ. ಒರೆಸಿ ಮತ್ತೆ ಇಡಿ ಅಂದರು. ಅಕ್ಕ ತನ್ನ ಚೀಲದಿಂದ ಕರವಸ್ತ್ರ ತೆಗೆದುಕೊಟ್ಟಳು. ಒರೆಸಿ ಮತ್ತೆ ಇಟ್ಟೆ. ಹೊರಗೆ ಬಂದ ಮೇಲೆ ರಿಕ್ಷಾದವನಿಗೆ ನಾನು ಜೇಬಿಗೆ ಕೈ ಹಾಕುವ ಮೊದಲೇ ಅವಳು ಸ್ಟೇಶನ್ನಿನವರೆಗಿನ ನನ್ನ ಬಾಡಿಗೆ ಕೊಟ್ಟು, ಟ್ರೈನ್ ತಪ್ಪುತ್ತದೆ, ಹೊರಡು ಅಂದಳು.